ಅಪ್ಪನ ಕಾಲು ನೋಯಲಿಲ್ಲ

ನಮ್ಮ ಮೊಬೈಲ್‌ನಲ್ಲಿ ಒಂದು ವಿಡಿಯೊ ಇದೆ. 38 ಸೆಕೆಂಡಿನದು. 2025ರ ಜನವರಿ 12, ಭಾನುವಾರ ಬೆಳಗಿನ ಜಾವ ತೆಗೆದದ್ದು. ಹೊಲದ ಮೇಲೆ ಇನ್ನೂ ಮಂಜು ಕೂತಿದೆ. ರಸ್ತೆಯ ಒಂದು ಕಡೆ ಬಿಳಿಜೋಳ, ಇನ್ನೊಂದು ಕಡೆ ಕಡಲೆ. ನಡುವೆ ಅಪ್ಪ ನಡೆಯುತ್ತಿದ್ದಾರೆ. ತಲೆಗೆ ಮಫ್ಲರ್, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ. ಹಿಂದಿನಿಂದ ನಮ್ಮ ದನಿ ಕೇಳುತ್ತದೆ: "ಯಪ್ಪಾ, ಕಾಲು ನೋಯಾಕತ್ತಾವನು?"

ಅಪ್ಪ ತಿರುಗಿಯೂ ನೋಡುವುದಿಲ್ಲ. "ನನಗೇನಾಗೇತಿ? ನಿಮ್ಮ ಕಾಲು ನೋಡ್ಕೋರಿ" ಅನ್ನುತ್ತಾರೆ. ಎಲ್ಲರೂ ನಗುತ್ತೇವೆ. ವಿಡಿಯೊ ಅಲ್ಲಿಗೆ ಮುಗಿಯುತ್ತದೆ.

"66ರ ವಯಸ್ಸಿನಲ್ಲಿ 40 ಕಿ.ಮೀ. ಪಾದಯಾತ್ರೆ. ಅಪ್ಪನ ಮುಂದೆ ನಾವೇ ಸೋತೆವು" ಎಂದು ಬರೆದು ಅದನ್ನು ಊರಿನ ವಾಟ್ಸ್ಯಾಪ್ ಗುಂಪಿಗೆ, ವರದಿಗಾರ ಗೆಳೆಯರ ಗುಂಪಿಗೆ ಹಾಕಿದೆವು. ಕೈ ಮುಗಿಯುವ ಚಿತ್ರಗಳು, ಚಪ್ಪಾಳೆಗಳು ಸಾಲುಸಾಲಾಗಿ ಬಂದವು. "ಹಳೇ ಕಾಲದ ಗಟ್ಟಿ ಜೀವ" ಎಂದು ಒಬ್ಬರು ಬರೆದರು. "ಜೋಳದ ರೊಟ್ಟಿ ಶಕ್ತಿ" ಎಂದು ಇನ್ನೊಬ್ಬರು.

ಈಗ ಅದನ್ನು ನಿಧಾನವಾಗಿ ಓಡಿಸಿ ನೋಡಿದರೆ 21ನೇ ಸೆಕೆಂಡಿನಲ್ಲಿ ಅಪ್ಪನ ಎಡಗಾಲಿನ ಬೂಟು ಕಾಣುತ್ತದೆ. ಕಿರುಬೆರಳಿನ ಕಡೆ, ಬಿಳಿ ಬಟ್ಟೆಯ ಮೇಲೆ ಒಂದು ಕಂದು ಕಲೆ. ಅವತ್ತು ನಮಗೆ ಅದು ಕಾಣಲಿಲ್ಲ. ಹನ್ನೆರಡು ವರ್ಷದಿಂದ ಸುದ್ದಿ ಹುಡುಕಿಕೊಂಡು ತಿರುಗುವವರು ನಾವು. ಸುದ್ದಿ ಕಣ್ಣ ಮುಂದೆಯೇ ನಡೆದು ಹೋಗುತ್ತಿತ್ತು.

ಮೊದಲಿನಿಂದ ಹೇಳುತ್ತೇವೆ.

ನಮ್ಮದು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಹಳ್ಳಿ. ನೇಕಾರರ ಮನೆ. ಅಪ್ಪ ಹುಡುಗರಿದ್ದಾಗಿನಿಂದ ಕುಣಿಮಗ್ಗದಲ್ಲಿ ಕಾಲಿಟ್ಟು ನೇಯ್ದವರು. ನೇಕಾರರಿಗೆ ಬನಶಂಕರಿ ಮನೆದೇವರು. ಬಾದಾಮಿಯ ಹತ್ತಿರ, ಚೊಳಚಗುಡ್ಡದ ಬನಶಂಕರಿಯ ತೇರು ಪುಷ್ಯ ಮಾಸದ ಬನದ ಹುಣ್ಣಿಮೆಗೆ. ಚಳಿ ಗಟ್ಟಿಯಾಗಿರುವ ಹೊತ್ತು. ಆ ವಾರ ನಮ್ಮ ಭಾಗದ ರಸ್ತೆಗಳಲ್ಲಿ ರಾತ್ರಿಯೆಲ್ಲ ಜನ ನಡೆಯುತ್ತಾರೆ. ಅಪ್ಪ ಮದುವೆಗೆ ಮುಂಚೆ ಪ್ರತಿ ವರ್ಷ ನಡೆದಿದ್ದರಂತೆ. ಆಮೇಲೆ ಮಗ್ಗ, ಮಕ್ಕಳು, ಸಾಲ ಎಂದು ಬಿಟ್ಟುಹೋಯಿತು.

ಮತ್ತೆ ನಡೆಯುವ ಹುಮ್ಮಸ್ಸು ತಂದವರು ಅಪ್ಪ ಅಲ್ಲ, ನಾವು. ಹಿಂದಿನ ಡಿಸೆಂಬರ್‌ನಲ್ಲಿ ಪಕ್ಕದ ಜಿಲ್ಲೆಯಲ್ಲಿ 21 ಕಿಲೋಮೀಟರ್ ಓಟ ನಡೆಯಿತು. ವರದಿ ಮಾಡಲು ಹೋಗುವ ಬದಲು ಓಡಲಿಕ್ಕೇ ಹೋದೆವು. ಎರಡು ತಾಸು 28 ನಿಮಿಷದಲ್ಲಿ ಮುಗಿಸಿದೆವು. ಕೊನೆಯ ನಾಲ್ಕು ಕಿಲೋಮೀಟರ್ ಮೊಣಕಾಲು ಕಿತ್ತುಬರುವಂತೆ ನೋಯುತ್ತಿತ್ತು. ಹಲ್ಲು ಕಚ್ಚಿ ಓಡಿದೆವು. ಕೊರಳಿಗೆ ಪದಕ ಬಿತ್ತು. ಆ ಪದಕ ಗೋಡೆಗೆ ಏರಿದ ದಿನದಿಂದ ನಮ್ಮ ಮಾತೇ ಬದಲಾಯಿತು. ಮನೆಯಲ್ಲಿ ಯಾರಾದರೂ ಸುಸ್ತು ಅಂದರೆ ಸಾಕು, "ಅದು ಮೈಯ ಸುಸ್ತಲ್ಲ, ಮನಸ್ಸಿನ ಸುಸ್ತು" ಎಂದು ಉಪದೇಶ ಶುರು. ನಮ್ಮಾಕಿ ಒಮ್ಮೆ ರೊಟ್ಟಿ ಬಡಿಯುತ್ತಲೇ, "ಹಂಗಾದ್ರ ನೀವು ಬಂದು ಬಡೀರಿ, ನಿಮ್ಮ ಮನಸ್ಸು ಗಟ್ಟಿ ಐತೆಲ್ಲಾ" ಅಂದಿದ್ದಳು.

ನಮ್ಮ ಕೆಲಸವೂ ಅಂಥದ್ದೇ. ಜಿಲ್ಲೆಗೆ ಸುದ್ದಿ ಕಳಿಸುವವರಿಗೆ ಸಂಬಳ ಅಂತ ಇರುವುದಿಲ್ಲ. ಪ್ರಕಟವಾದ ಸುದ್ದಿಗೆ ಇಷ್ಟು ಎಂದು ಬರುತ್ತದೆ, ಅದೂ ಬಂದಾಗ ಬರುತ್ತದೆ. ಒಂದು ಸುದ್ದಿಗಾಗಿ ನೂರು ಕಿಲೋಮೀಟರ್ ಬೈಕ್ ಓಡಿಸಿ, ಪೆಟ್ರೋಲಿನಷ್ಟೂ ದುಡ್ಡು ಹುಟ್ಟದೆ ಮನೆಗೆ ಬಂದ ದಿನಗಳಿವೆ. ಗೆಳೆಯರು ಸೇರಿದಾಗ ಆ ಕಥೆಗಳನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮಳೆಯಲ್ಲಿ ನೆನೆದದ್ದು, ಜ್ವರದಲ್ಲಿ ಸುದ್ದಿ ಕಳಿಸಿದ್ದು, ಬಿದ್ದು ಮೊಣಕೈ ಒಡೆದುಕೊಂಡರೂ ಫೋಟೊ ಬಿಡದೆ ಇದ್ದದ್ದು. ಯಾರು ಹೆಚ್ಚು ತಡೆದುಕೊಂಡರೋ ಅವರು ದೊಡ್ಡವರು.

ಹೀಗಿರುವಾಗ ಒಂದು ಸಂಜೆ ಅಪ್ಪನ ಮುಂದೆ, "ಈ ಸಲ ಬನಶಂಕರಿಗೆ ನಡಕೊಂಡು ಹೋಗೂಣು" ಅಂದೆವು. ಅಪ್ಪನ ಮುಖ ಅರಳಿತು. ಅವ್ವ ಮಾತ್ರ, "ಅವರಿಗೆ ಸಕ್ಕರಿ ಐತಿ, ನೆನಪೈತಿಲ್ಲೋ?" ಅಂದಳು. ಹನ್ನೊಂದು ವರ್ಷದಿಂದ ಅಪ್ಪನಿಗೆ ಸಕ್ಕರೆ ಕಾಯಿಲೆ. ಗುಳಿಗೆ ಇದ್ದಾಗ ನುಂಗುತ್ತಾರೆ, ಮುಗಿದಾಗ ತರಿಸುವುದು ಮರೆಯುತ್ತಾರೆ. "ಡಾಕ್ಟರೇ ದಿನಾ ನಡಿ ಅಂತಾರಲ್ಲವ್ವಾ, ಛಲೋನ ಆತು" ಎಂದು ನಾವು ಬಾಯಿ ಮುಚ್ಚಿಸಿದೆವು.

ಅಪ್ಪನ ಹಳೆಯ ಚಪ್ಪಲಿ ಸವೆದಿತ್ತು. ಪೇಟೆಗೆ ಹೋಗಿ ಬಿಳಿ ಬಟ್ಟೆಯ ಹೊಸ ಬೂಟು ತಂದೆವು. ಅಪ್ಪ ಹಾಕಿ ನೋಡಿ, "ಬಿಗೀನೋ, ಸಡಲೋ, ಒಂದೂ ತಿಳಿವಲ್ದು. ಇರಲಿ, ಚಂದ ಅದಾವು" ಅಂದರು. ಆ ಮಾತನ್ನು ನಾವು ಹೊಗಳಿಕೆ ಎಂದುಕೊಂಡೆವು. ಬೂಟು ಬಿಗಿಯೋ ಸಡಿಲೋ ಕಾಲಿಗೇ ಗೊತ್ತಾಗದಿದ್ದರೆ ಅದರ ಅರ್ಥ ಏನು ಎಂದು ಒಂದು ಗಳಿಗೆಯೂ ಯೋಚಿಸಲಿಲ್ಲ.

ಜನವರಿ 11, ಶನಿವಾರ. ಮಕ್ಕಳು ಶಾಲೆಯಿಂದ ಬಂದ ಮೇಲೆ ನಾಲ್ಕು ಗಂಟೆಗೆ ಹೊರಟೆವು. ಅಪ್ಪ, ನಾವು, ನಮ್ಮಾಕಿ, ಹನ್ನೆರಡು ವರ್ಷದ ಮಗಳು, ಎಂಟು ವರ್ಷದ ಮಗ. ಮೊಣಕಾಲು ನೋವಿರುವ ಅವ್ವ, ಹಾಸಿಗೆ ಗಂಟು ಮತ್ತು ಬುತ್ತಿಯ ಜೊತೆ ಓಣಿಯವರ ಟಂಟಂನಲ್ಲಿ. ಬುತ್ತಿಯೆಂದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಒಂದು ಡಬ್ಬಿ ಮಾದಲಿ. ನಡೆಯಲಾಗದವರು ಟಂಟಂ ಹತ್ತಬಹುದು ಎಂದು ಮಾತಾಗಿತ್ತು.

ರೋಣ ದಾಟುವ ಹೊತ್ತಿಗೆ ಕತ್ತಲಾಯಿತು. ಬೆಳದಿಂಗಳು ಚೆಲ್ಲಿತ್ತು. ಎರೆಹೊಲದ ಚಳಿ ನಿಮಗೆ ಗೊತ್ತು. ಹಗಲು ಬಿಸಿಲಿದ್ದರೂ ಹೊತ್ತು ಮುಳುಗಿದ್ದೇ ತಡ, ನೆಲದೊಳಗಿನಿಂದ ಎದ್ದು ಬಂದು ಕಾಲು ಹಿಡಿಯುತ್ತದೆ. ಜೋಳ ಹಾಲುಗಟ್ಟುವ ಕಾಲ. ಒಂದು ಹೊಲದ ಬದುವಿನಲ್ಲಿ ಸೀತನಿ ಸುಡುತ್ತಿದ್ದವರು ಕರೆದು ಮಕ್ಕಳ ಕೈಗೆ ಬಿಸಿ ಕಾಳು ತುಂಬಿ ಕಳಿಸಿದರು. ಇನ್ನೊಂದು ಕಡೆ ಚಹಾ ಕಾಯಿಸಿಟ್ಟುಕೊಂಡು ನಡೆದು ಬರುವವರಿಗೆಲ್ಲ ಕೊಡುತ್ತಿದ್ದರು. ದುಡ್ಡು ಕೊಡಲು ಹೋದರೆ ಬೈಯುತ್ತಾರೆ.

ಹತ್ತು ಕಿಲೋಮೀಟರ್ ಆದ ಮೇಲೆ ಒಬ್ಬೊಬ್ಬರ ಕಾಲೂ ಮಾತಾಡತೊಡಗಿತು. ಮಗ, "ಪಪ್ಪಾ, ಹಿಂಬಡ ಉರಿಯಾಕತ್ತೇತಿ" ಅಂದ. ನೋಡಿದರೆ ಗುಳ್ಳೆ ಎದ್ದಿತ್ತು. ಅವನನ್ನು ಟಂಟಂಗೆ ಹತ್ತಿಸಿದೆವು. ನಮ್ಮಾಕಿ ಚಪ್ಪಲಿ ಬದಲಿಸಿದಳು. ಓಟದ ಪದಕ ಗೆದ್ದ ನಮಗೂ ಬಲಗಾಲಿನ ಹೆಬ್ಬೆರಳ ಬುಡ ಕೆಂಪಗಾಗಿತ್ತು. ಅಪ್ಪ ಮಾತ್ರ ಎಲ್ಲರಿಗಿಂತ ಐವತ್ತು ಹೆಜ್ಜೆ ಮುಂದೆ. "ಏನ್ ಪಡ್ಡಿ ಹುಡುಗ್ರೋ ನೀವು" ಎಂದು ನಗೆಯಾಡುತ್ತಿದ್ದರು. ಒಂಬತ್ತೂವರೆಗೆ ದಾರಿಯ ಹಳ್ಳಿಯೊಂದರ ಗುಡಿಯ ಪಡಸಾಲೆಯಲ್ಲಿ ಬುತ್ತಿ ಬಿಚ್ಚಿದೆವು. ಉಂಡು ಮಲಗಿದೆವು. ಎಲ್ಲರೂ ಬೂಟು ಚಪ್ಪಲಿ ಬಿಚ್ಚಿ ಕಾಲು ತಿಕ್ಕಿಕೊಂಡರು. ಅಪ್ಪ ಚಳಿಗೆ ಬೂಟು ಬಿಚ್ಚದೆಯೇ ಕಂಬಳಿ ಹೊದ್ದರು. ಬಿಚ್ಚುವ ಅಗತ್ಯ ಅವರಿಗೆ ಕಾಣಲೇ ಇಲ್ಲ.

ಬೆಳಗಿನ ಜಾವ ಮೂರೂವರೆಗೆ ಎದ್ದೆವು. ಚಂದಿರ ಪಡುವಣಕ್ಕೆ ಇಳಿದಿದ್ದ. ಬಾಯಿಂದ ಹೊಗೆ ಬರುವಷ್ಟು ಚಳಿ. ಗುಡಿಯ ಮುಂದೆ ಯಾರೋ ಜೋಳದ ದಂಟಿನ ಬೆಂಕಿ ಹಾಕಿದ್ದರು. ಅದರ ಸುತ್ತ ಕೂತು ಕೈಕಾಲು ಕಾಸಿಕೊಂಡೆವು. ಅಪ್ಪ ಬೂಟುಗಾಲನ್ನೇ ಬೆಂಕಿಯ ಹತ್ತಿರಕ್ಕೆ ಚಾಚಿದ್ದರು. ಎದುರು ಕೂತಿದ್ದ ಯಾವುದೋ ಊರಿನ ಮುದುಕಿಯೊಬ್ಬಳು, "ಯಪ್ಪಾ, ಕಾಲು ಹಿಂದ ತಗೀ. ರಬ್ಬರ್ ವಾಸನಿ ಬರಾಕತ್ತೇತಿ, ನಿನಗ ಬಿಸಿ ಹತ್ತವಲ್ದೇನು?" ಅಂದಳು. ಅಪ್ಪ ನಕ್ಕು ಕಾಲು ಎಳೆದುಕೊಂಡರು. ನಾವೂ ನಕ್ಕೆವು. ಆ ಅಜ್ಜಿ ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರ ಯಾರೂ ಕೊಡಲಿಲ್ಲ.

ಟಂಟಂ ಹತ್ತಿದ್ದ ಮಗ ಮತ್ತೆ ಇಳಿದು ಅಜ್ಜನ ಜೊತೆ ನಡೆಯುತ್ತೇನೆ ಎಂದು ಹಟ ಹಿಡಿದ. ಸ್ವಲ್ಪ ದೂರಕ್ಕೇ ಚಳಿ ಎಂದು ಅಳಲು ಶುರು ಮಾಡಿದ. ಆಗ ಅಪ್ಪ ಅವನಿಗೆ ಹನುಮಂತಪ್ಪನ ಕಥೆ ಹೇಳಿದರು. ನಿಮಗೆಲ್ಲ ನೆನಪಿರಬೇಕು. ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಸೇನಾ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆರನೇ ದಿನಕ್ಕೆ ಅಗೆದು ತೆಗೆದಾಗ ಹನುಮಂತಪ್ಪ ಒಬ್ಬರಿಗೆ ಉಸಿರಿತ್ತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಮೂರು ದಿನ ನಮ್ಮ ಭಾಗದ ಊರೂರಲ್ಲಿ ಪೂಜೆ, ಪ್ರಾರ್ಥನೆ. ಆಗ ನಾವು ಈ ಕೆಲಸಕ್ಕೆ ಹೊಸಬರು.

"ಆರು ದಿನಾ ಹಿಮದಾಗ ಇದ್ದಾವ ನಮ್ಮ ಕಡಿ ಹುಡುಗಪ್ಪಾ. ನಿನಗ ಇಷ್ಟು ಚಳೀ ತಡಿಯಾಕ ಆಗೂದಿಲ್ಲೇನು?" ಅಂದರು ಅಪ್ಪ. ಹುಡುಗ ಅಳು ನಿಲ್ಲಿಸಿ ನಡೆದ. ಅಜ್ಜನ ಬಾಯಿಂದ ಬಂದ ಆ ಮಾತು ನಮಗೆ ಬಹಳ ಹಿಡಿಸಿತು. ಬೆಳಕು ಹರಿಯುತ್ತಿದ್ದಂತೆ ಮೊಬೈಲ್ ತೆಗೆದೆವು. ಆ 38 ಸೆಕೆಂಡ್ ಅಲ್ಲಿಯದು.

ಮಲಪ್ರಭೆ ದಾಟಿ ಬನಶಂಕರಿ ಮುಟ್ಟುವಾಗ ಮಧ್ಯಾಹ್ನ ಎರಡು ಗಂಟೆ. ತೇರಿನ ಹಿಂದಿನ ದಿನ ಪಲ್ಲೇದ ಹಬ್ಬ, ಅಮ್ಮನಿಗೆ 108 ಬಗೆಯ ಪಲ್ಯದ ನೈವೇದ್ಯ. ಜನವೋ ಜನ. ರೊಟ್ಟಿ ಬುಟ್ಟಿ ಹೊತ್ತ ಹೆಂಗಸರು "ರೊಟ್ಟಿ, ಕೆಂಪು ಚಟ್ನಿ, ಗಡಿಗಿ ಮೊಸರು" ಎಂದು ಕೂಗುತ್ತಿದ್ದರು. ತಿಂಗಳುಗಟ್ಟಲೆ ಟೆಂಟು ಹಾಕುವ ನಾಟಕ ಕಂಪನಿಗಳ ಬೋರ್ಡು, ಮೈಕಿನ ಅಬ್ಬರ. ದರ್ಶನಕ್ಕೆ ಮುಂಚೆ ಕಾಲು ತೊಳೆಯಲು ನಳದ ಹತ್ತಿರ ಕೂತೆವು.

ಅಪ್ಪ ಬೂಟು ಎಳೆದರು. ಮಗಳು ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದಳು. ತಂಬಿಗೆ ಕೆಳಗಿಟ್ಟಳು. "ಅಜ್ಜಾ, ನಿನ್ನ ಕಾಲುಚೀಲ ಕೆಂಪಗ ಆಗೇತಿ."

ಕಾಲುಚೀಲ ಚರ್ಮಕ್ಕೆ ಅಂಟಿತ್ತು. ನೀರು ಹಾಕಿ ನೆನೆಸಿ ಬಿಡಿಸಿದೆವು. ಎಡಗಾಲಿನ ಕಿರುಬೆರಳ ಪಕ್ಕ ಗುಳ್ಳೆ ಒಡೆದು, ಅದರ ಮೇಲೆ ಮತ್ತೆ ಉಜ್ಜಿ, ಒಳಗಿನ ಕೆಂಪು ಮಾಂಸ ಕಾಣುತ್ತಿತ್ತು. ಅಂಗಾಲಿನ ಅಂಚಿನಲ್ಲಿ ಇನ್ನೊಂದು ಗುಳ್ಳೆ, ಬಹುಶಃ ಬೆಂಕಿಯದು. ನಮ್ಮಾಕಿ ಬಾಯಿಗೆ ಸೆರಗು ಹಿಡಿದಳು. ಅಪ್ಪ ಬೇರೆ ಯಾರದೋ ಕಾಲು ನೋಡುವಂತೆ ಅದನ್ನೇ ನೋಡುತ್ತ ಕೂತಿದ್ದರು. "ಇದ್ಯಾವಾಗ ಆತು?" ಅಂದರು.

"ನೋವಿಲ್ಲೇನ್ರಿ ಮಾವಾರ?"

"ಒಟ್ಟ ಇಲ್ಲವಾ. ಏಳ್ರಿ, ಪಾಳಿ ಹಚ್ಚೂಣು."

ಈಗಲೇ ಬಾದಾಮಿಗೆ ಹೋಗಿ ಡಾಕ್ಟರಿಗೆ ತೋರಿಸೋಣ ಎಂದಳು ನಮ್ಮಾಕಿ. ನಾಳೆ ತೇರು ನೋಡದೆ ಕದಲುವುದಿಲ್ಲ ಎಂದರು ಅಪ್ಪ. ಇಬ್ಬರೂ ನಮ್ಮ ಮುಖ ನೋಡಿದರು. ನಾವು ಅಪ್ಪನ ಕಡೆ ವಾಲಿದೆವು. "ನೋವ ಇಲ್ಲಂತಾರಲ್ಲ, ಮ್ಯಾಲಿಂದ ಮ್ಯಾಲೆ ಕಿತ್ತೇತಿ ಅಷ್ಟ" ಅಂದೆವು. ಆಗ ಅವಳು ಅಂದದ್ದು ಇವತ್ತಿಗೂ ಕಿವಿಯಲ್ಲಿದೆ: "ನೋವಿಲ್ಲಂದ್ರ ಗಾಯಿಲ್ಲಂತೇನ್ರಿ?"

ತೊಳೆದು, ಅರಿಶಿನ ಒತ್ತಿ, ಬಟ್ಟೆ ಕಟ್ಟಿದೆವು. ಸೋಮವಾರ ಸಂಜೆ ತೇರು ಎಳೆದರು. ಅಪ್ಪ ಉತ್ತತ್ತಿ ತೂರಿ ಕೈ ಮುಗಿದರು. ಮಂಗಳವಾರ, ಸಂಕ್ರಾಂತಿ ದಿನ, ಬಸ್ಸಿನಲ್ಲಿ ಊರಿಗೆ ಬಂದೆವು. ಗುರುವಾರ ಅಪ್ಪನಿಗೆ ಚಳಿಜ್ವರ. ಕಾಲು ಹಿಮ್ಮಡಿಯ ತನಕ ಬಾತು, ಬೆರಳು ನೀಲಿ ತಿರುಗಿತ್ತು. ಆಗಲೂ ಅವರು, "ನೋವೇನಿಲ್ಲ, ಮೈ ಬೆಚ್ಚಗ ಆಗೇತಿ ಅಷ್ಟ" ಅನ್ನುತ್ತಿದ್ದರು. ಶುಕ್ರವಾರ ಪೇಟೆಯ ಆಸ್ಪತ್ರೆಗೆ ಸೇರಿಸಿದೆವು.

ಅಲ್ಲಿ ನಡೆದ ಒಂದು ಸಣ್ಣ ಪರೀಕ್ಷೆಯನ್ನು ನಿಮಗೆ ಹೇಳಲೇಬೇಕು. ಡಾಕ್ಟರು ಮೇಜಿನ ಖಾನೆಯಿಂದ ಪೆನ್ನಿನಂಥ ಒಂದು ಹಿಡಿಕೆ ತೆಗೆದರು. ಅದರ ತುದಿಗೆ ಮೀನಿನ ಗಾಳದ ದಾರದಂಥ ನೈಲಾನ್ ಎಳೆ. ಚರ್ಮಕ್ಕೆ ಒತ್ತಿದಾಗ 10 ಗ್ರಾಂ ಭಾರಕ್ಕೆ ಸರಿಯಾಗಿ ಬಾಗುವಂತೆ ಮಾಡಿದ್ದು. "ಅಜ್ಜಾರ, ಕಣ್ಣು ಮುಚ್ಚಿರಿ. ಕಾಲಿಗೆ ಮುಟ್ಟಿದಂಗ ಅನಿಸಿದ ಕೂಡ್ಲೇ ಹೂಂ ಅನ್ರಿ" ಅಂದರು. ಗಾಯವಿಲ್ಲದ ಬಲಗಾಲಿಗೇ ಒತ್ತತೊಡಗಿದರು. ಹೆಬ್ಬೆರಳು, ನಡುಬೆರಳು, ಬೆರಳ ಬುಡ, ಅಂಗಾಲು. ಎಳೆ ಬಾಗುವುದು ನಮಗೆ ಕಾಣುತ್ತಿತ್ತು. ಅಪ್ಪ ಸುಮ್ಮನಿದ್ದರು. ಏಳನೇ ಕಡೆ ಒತ್ತಿದಾಗ ಅಪ್ಪ ಕಣ್ಣು ಮುಚ್ಚಿಕೊಂಡೇ ವಿನಯದಿಂದ ಹೇಳಿದರು: "ಹೂಂ, ಚಾಲೂ ಮಾಡ್ರಿ ಡಾಕ್ಟರ."

ನಾವು ಕೋಣೆಯಿಂದ ಹೊರಗೆ ಬಂದು ಗೋಡೆ ಹಿಡಿದು ನಿಂತೆವು.

ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ನರಗಳು ಹಾಳಾಗುತ್ತವೆ. ಮಿದುಳಿನಿಂದ ಬಹಳ ದೂರ ಇರುವ ಉದ್ದ ನರಗಳಿಗೆ ಮೊದಲು ಪೆಟ್ಟು, ಅಂದರೆ ಪಾದಕ್ಕೆ. ಕೆಲವರಿಗೆ ಕಾಲು ಜುಮುಜುಮು ಅನ್ನುತ್ತದೆ, ಉರಿಯುತ್ತದೆ. ಕೆಲವರಿಗೆ ಏನೂ ಆಗದೆ ಮೆಲ್ಲಗೆ ಸ್ಪರ್ಶವೇ ಹೋಗುತ್ತದೆ. ಮುಳ್ಳು ಚುಚ್ಚಿದರೆ, ಬೂಟು ಕಚ್ಚಿದರೆ, ಬೆಂಕಿ ತಾಕಿದರೆ ಗೊತ್ತಾಗುವುದಿಲ್ಲ. ಕಾಲಿಗೆ ರಕ್ತ ಹರಿಯುವುದೂ ಕಡಿಮೆಯಾಗಿದ್ದರೆ ಗಾಯ ಬೇಗ ಮಾಯುವುದಿಲ್ಲ. ಸಕ್ಕರೆ ಹೆಚ್ಚಿದ್ದಾಗ ಸೋಂಕು ಬೇಗ ಹಬ್ಬುತ್ತದೆ. "ನಿಮ್ಮ ಮಗನಿಗೆ ಗುಳ್ಳೆ ಎದ್ದಾಗ ಅಂವ ಅತ್ತ, ಗಾಡಿ ಹತ್ತಿದ. ಅದು ಆರೋಗ್ಯದ ಕಾಲು. ನಿಮ್ಮ ತಂದೆಯವರ ಕಾಲು ಅಳೂದನ್ನ ಮರತೈತಿ" ಅಂದರು.

ಎರಡು ದಿನ ಬಿಟ್ಟು ಅಪ್ಪನ ಎಡಗಾಲಿನ ಕಿರುಬೆರಳು ತೆಗೆದರು. ಕಾಲು ಉಳಿಯಿತು. ಇನ್ನೂ ನಾಲ್ಕು ದಿನ ತಡವಾಗಿದ್ದರೆ ಎಲ್ಲಿಗೆ ಕತ್ತರಿ ಬೀಳುತ್ತಿತ್ತೋ ಎಂದು ಅವರು ಅಂದದ್ದನ್ನು ನಾವು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಇಲ್ಲಿ ಮೊದಲ ಬಾರಿಗೆ ಬರೆಯುತ್ತಿದ್ದೇವೆ. ಹನ್ನೊಂದು ದಿನ ಆಸ್ಪತ್ರೆ, ಗಾಯ ಮಾಯಲು ಎರಡು ತಿಂಗಳು. ಅವ್ವನ ಎರಡು ಬಳೆ ಸೊಸೈಟಿಯಲ್ಲಿ ಕೂತವು.

ಆಸ್ಪತ್ರೆಯ ರಾತ್ರಿಗಳಲ್ಲಿ ನಿದ್ದೆ ಬರುತ್ತಿರಲಿಲ್ಲ. ಅಭ್ಯಾಸಬಲ, ಮೊಬೈಲ್‌ನಲ್ಲಿ ಓದತೊಡಗಿದೆವು. ಡಾ. ಪಾಲ್ ಬ್ರ್ಯಾಂಡ್ ಎಂಬ ವೈದ್ಯರ ಪರಿಚಯ ಆದದ್ದು ಆಗ. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ ಹುಟ್ಟಿದವರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದು, ಮುಂದೆ ಕುಷ್ಠರೋಗಿಗಳ ಕೈಕಾಲುಗಳ ಮೇಲೆ ಕೆಲಸ ಮಾಡಿದರು. ಕುಷ್ಠ ಬಂದರೆ ಬೆರಳು ತಾನಾಗಿ ಕೊಳೆತು ಬೀಳುತ್ತದೆ ಎಂದು ಆಗ ಜನ ನಂಬಿದ್ದರು. ಹಾಗಲ್ಲ, ನೋವು ಗೊತ್ತಾಗದೆ ಆದ ಗಾಯ, ಸುಟ್ಟಗಾಯಗಳೇ ಬೆರಳು ತಿನ್ನುತ್ತವೆ ಎಂದು ಅವರು ತೋರಿಸಿಕೊಟ್ಟರು. ಮುಂದೆ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯವರ ಕಾಲುಗಳಿಗೂ ಅದೇ ತಿಳಿವಳಿಕೆ ಹೊಂದಿಸಿದರು. ನೋವು ಬೇಡವಾದ ವಸ್ತುವಲ್ಲ, ಮೈಯನ್ನು ಕಾಯುವ ಕಾವಲುಗಾರ ಎಂಬುದು ಅವರ ಜೀವಮಾನದ ಮಾತು. 

ಅದನ್ನು ಓದಿದ ಮೇಲೆ ನಮ್ಮ ಪದಕ ಬೇರೆ ರೀತಿ ಕಾಣತೊಡಗಿತು. ನಾವು ಕೊನೆಯ ನಾಲ್ಕು ಕಿಲೋಮೀಟರ್ ನೋವು ನುಂಗಿ ಓಡಿದೆವು, ಸರಿ. ಆದರೆ ನೋವು ಎಷ್ಟಿದೆ ಎಂದು ನಮಗೆ ಗೊತ್ತಿತ್ತು. ಬೇಕೆಂದರೆ ನಿಲ್ಲಬಹುದಿತ್ತು. ತಡೆದುಕೊಳ್ಳುವುದು ಎಂದರೆ ಅದು. ಅಪ್ಪ ತಡೆದುಕೊಳ್ಳಲಿಲ್ಲ, ಅವರಿಗೆ ತಿಳಿಯಲೇ ಇಲ್ಲ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ. ಇಬ್ಬರೂ ಕುಂಟದೆ ನಡೆಯುತ್ತಾರೆ, ಇಬ್ಬರೂ ನಗುತ್ತಾರೆ. ಚಪ್ಪಾಳೆ ತಟ್ಟುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಮಗೂ ಗೊತ್ತಾಗಲಿಲ್ಲ.

ಹನುಮಂತಪ್ಪನವರ ಕಥೆಯನ್ನೂ ನಾವು ಅರ್ಧವೇ ಹೇಳುತ್ತೇವೆ ಅನಿಸಿತು. ಆರು ದಿನ ಜೀವ ಹಿಡಿದಿದ್ದರು ಎನ್ನುತ್ತೇವೆ. ಆ ಆರೂ ದಿನ, ಆ ಎತ್ತರದಲ್ಲಿ, ಮೂಗು ಕಿವಿ ಮರಗಟ್ಟುವ ಚಳಿಯಲ್ಲಿ, ನಾಯಿಗಳನ್ನು ಕರೆದುಕೊಂಡು ಹೋಗಿ ಹಿಮ ಅಗೆಯುತ್ತಲೇ ಇದ್ದವರು ಇದ್ದರು. ಅಷ್ಟು ದಿನ ಆಯಿತು, ಇನ್ನೇನು ಉಳಿದಿರುತ್ತಾರೆ ಎಂದು ಬಿಡಲಿಲ್ಲ. ಒಳಗೆ ಸಿಕ್ಕಿದವರು ಎಷ್ಟೇ ಗಟ್ಟಿಯಿದ್ದರೂ ಹೊರಗಿನವರು ಹುಡುಕಬೇಕು. ನಮ್ಮ ಮನೆಯಲ್ಲಿ ಅಪ್ಪನ ಬೂಟಿನೊಳಗೆ ಏನಿದೆ ಎಂದು ನೋಡಿದವಳು ಹನ್ನೆರಡು ವರ್ಷದ ಹುಡುಗಿ. ಅವಳೂ ನೋಡಿದ್ದು ಕಾಲು ತೊಳೆಯುವ ನೆಪಕ್ಕೆ.

ಈಗ ಆ ಕೆಲಸ ಅವಳದೇ. ರಾತ್ರಿ ಊಟ ಆದ ಮೇಲೆ ಅಜ್ಜನ ಕಾಲು ತೊಡೆಯ ಮೇಲೆ ಇಟ್ಟುಕೊಂಡು ಮೊಬೈಲ್ ಬ್ಯಾಟರಿ ಹಚ್ಚುತ್ತಾಳೆ. ಅಂಗಾಲು, ಹಿಮ್ಮಡಿ, ಬೆರಳ ಸಂದಿ, ಒಂದೊಂದೇ ನೋಡುತ್ತಾಳೆ. ಕೆಂಪು, ಬಿರುಕು, ಗುಳ್ಳೆ, ಬಾವು ಏನಿದ್ದರೂ ಕೂಗಿ ಹೇಳುತ್ತಾಳೆ. ತೊಳೆದ ಮೇಲೆ ಬೆರಳ ಸಂದಿ ಒಣಗುವಂತೆ ಒರೆಸುತ್ತಾಳೆ. ಹಿಮ್ಮಡಿಗೆ ಎಣ್ಣೆ ಹಚ್ಚುತ್ತಾಳೆ, ಸಂದಿಗೆ ಹಚ್ಚುವುದಿಲ್ಲ. ಬೆಳಿಗ್ಗೆ ಅಪ್ಪ ಕಾಲಿಗೆ ಹಾಕುವ ಮುಂಚೆ ಚಪ್ಪಲಿಯೊಳಗೆ ಕೈಯಾಡಿಸಿ ಹರಳು, ಮೊಳೆ ಇದೆಯೋ ನೋಡುತ್ತಾರೆ. ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ, ಹಿಂದೆ ಪಟ್ಟಿ ಇರುವ ಚಪ್ಪಲಿ ಕೊಡಿಸಿದ್ದೇವೆ. ಮನೆಯೊಳಗೂ ಬರಿಗಾಲಿಲ್ಲ. ಸ್ನಾನದ ನೀರಿಗೆ ಮೊದಲು ಮೊಣಕೈ ಅದ್ದಿ ನೋಡುತ್ತಾರೆ. ಬೆಂಕಿಯ ಹತ್ತಿರ ಕಾಲು ಚಾಚುವುದು ಬಂದ್. ಗುಳಿಗೆ ಮುಗಿಯುವ ನಾಲ್ಕು ದಿನ ಮುಂಚೆ ತರುವುದು ನಮ್ಮ ಪಾಳಿ.

ಆ ನೈಲಾನ್ ಎಳೆಯ ಪರೀಕ್ಷೆಗೆ ಐದು ನಿಮಿಷ ಸಾಕು. ಹನ್ನೊಂದು ವರ್ಷ ಸಕ್ಕರೆ ಇಟ್ಟುಕೊಂಡರೂ ಅಪ್ಪನ ಕಾಲನ್ನು ಯಾರೂ ಮುಟ್ಟಿ ನೋಡಿರಲಿಲ್ಲ. ತೋರಿಸಿರಿ ಎಂದು ನಾವೂ ಕೇಳಿರಲಿಲ್ಲ. ಸಕ್ಕರೆ ತಪಾಸಣೆಗೆ ಹೋದಾಗ ರಕ್ತ ಕೊಟ್ಟು ಚೀಟಿ ತರುವುದಷ್ಟೇ ಅಲ್ಲ, "ಕಾಲೂ ನೋಡ್ರಿ" ಎಂದು ಬಾಯಿಬಿಟ್ಟು ಕೇಳಿ. ವರ್ಷಕ್ಕೆ ಒಮ್ಮೆಯಾದರೂ.

ಬೈಕಿನ ಮೇಲಿನ ನಮ್ಮ ಕಥೆಗಳೂ ಕಡಿಮೆಯಾಗಿವೆ. ಮೊನ್ನೆ ವರದಿಗಾರ ಗೆಳೆಯರೊಬ್ಬರು ನಡು ನೋವಿದ್ದರೂ ಎರಡು ತಿಂಗಳಿಂದ ಬೆಲ್ಟು ಕಟ್ಟಿಕೊಂಡು ತಿರುಗುತ್ತಿದ್ದೇನೆ ಎಂದು ಹೆಮ್ಮೆಯಿಂದ ಹೇಳಿದರು. ಮೊದಲಾಗಿದ್ದರೆ ಬೆನ್ನು ತಟ್ಟುತ್ತಿದ್ದೆವು. ಈ ಸಲ ಬೈಕಿನ ಹಿಂದೆ ಕೂರಿಸಿಕೊಂಡು ಡಾಕ್ಟರ ಹತ್ತಿರ ಕರೆದೊಯ್ದೆವು. ದಾರಿಯುದ್ದಕ್ಕೂ ಬೈದರು.

ಈ ವರ್ಷ ಬನದ ಹುಣ್ಣಿಮೆ ಜನವರಿ 3, ಶನಿವಾರ ಬಂತು. ನಡೆಯುವ ಮಾತು ಯಾರೂ ಎತ್ತಲಿಲ್ಲ. ಎಲ್ಲರೂ ಬಸ್ಸಿನಲ್ಲಿ ಹೋದೆವು. ಬಸ್ ಇಳಿದಲ್ಲಿಂದ ಗುಡಿಯವರೆಗೆ ಅಪ್ಪ ನಡೆದರು. ಮಗಳು ಎರಡು ಸಲ ಅವರನ್ನು ಕಟ್ಟೆಯ ಮೇಲೆ ಕೂರಿಸಿ, ಜಾತ್ರೆಯ ಜನರ ನಡುವೆಯೇ ಚಪ್ಪಲಿ ಬಿಚ್ಚಿಸಿ ಕಾಲು ನೋಡಿದಳು. ಗುಡಿಯೊಳಗೆ ದಪ್ಪ ಕಾಲುಚೀಲದಲ್ಲಿ ಹೋಗಿ ಬಂದರು. ಹೊರಗೆ ಬಂದಾಗ ನಮ್ಮ ಕಡೆಯ ನೇಕಾರರೊಬ್ಬರು ಸಿಕ್ಕರು. ಹೋದ ವರ್ಷದ ವಿಡಿಯೊ ನೋಡಿದ್ದವರು. "ಏನಣ್ಣಾ, ಈ ಸಲ ನಡೀಲಿಲ್ಲೇನು?" ಎಂದರು.

"ನಡದೀನಲ್ಲ. ಬಸ್ ಇಳದು ಇಲ್ಲೀತನಕ" ಅಂದರು ಅಪ್ಪ. ಆಮೇಲೆ ಅವರ ಮುಖ ನೋಡಿ, "ನಿನಗೂ ಸಕ್ಕರಿ ಐತೆಲ್ಲೋ? ಕುಂದರು. ಕಾಲ್ಮರಿ ಬಿಚ್ಚು. ನಮ್ಮ ಮೊಮ್ಮಗಳು ನೋಡ್ತಾಳ" ಅಂದರು.

ಅವರು ನಾಚಿಕೊಂಡರು. ಬೇಡ ಬೇಡ ಅಂದರು. ಆದರೂ ಕೂತರು. ಮಗಳು ಮೊಬೈಲ್ ಬ್ಯಾಟರಿ ಹಚ್ಚಿದಳು.

ನಿಮ್ಮ ಮನೆಯಲ್ಲೂ ಸಕ್ಕರೆ ಇರುವ ಹಿರಿಯರಿದ್ದರೆ ಇವತ್ತು ರಾತ್ರಿ ಊಟ ಆದ ಮೇಲೆ ಅವರ ಕಾಲು ನೋಡಿ. ನೋವಿದೆಯೇ ಎಂದು ಕೇಳಿ ಸುಮ್ಮನಾಗಬೇಡಿ. ಓದುತ್ತಿರುವ ಈ ಮೊಬೈಲ್‌ನಲ್ಲೇ ಬ್ಯಾಟರಿ ಇದೆ.